ಹಗಲು ಕರೆಂಟು ಬಂದ ಮೇಲೆ

ಗುಬ್ಬಿಯ ಚೇಳೂರು ರಸ್ತೆಯಲ್ಲಿ ನನ್ನ ಗೊಬ್ಬರದ ಅಂಗಡಿಯ ಎದುರಿಗೇ ಬೆಟ್ಟಸ್ವಾಮಿಯ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಬೇಸಿಗೆ ಬಂತೆಂದರೆ ಅದರ ಮುಂದೆ ಸುಟ್ಟ ಮೋಟರುಗಳು ಆಸ್ಪತ್ರೆ ವರಾಂಡದಲ್ಲಿ ರೋಗಿಗಳು ಮಲಗಿದ ಹಾಗೆ ಸಾಲಾಗಿ ಬಿದ್ದಿರುತ್ತಿದ್ದವು. ಪಕ್ಕದಲ್ಲಿ ಅವುಗಳ ಯಜಮಾನರು ಬೀಡಿ ಹಚ್ಚಿಕೊಂಡು ಕೂತಿರುತ್ತಿದ್ದರು. ತೋಟದಲ್ಲಿ ಸಸಿ ಬಾಡುತ್ತಿದ್ದರೆ ಮನೆಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ?

"ಬೆಟ್ಟಸ್ವಾಮಣ್ಣ, ಸಾಯಂಕಾಲಕ್ಕೆ ಆಗ್ತದಾ?"

"ನಾಳೆ."

"ನಾಳೆ ಅಂದ್ರೆ ಬೆಳಿಗ್ಗೇನಾ?"

"ನಾಳೆ ಅಂದ್ರೆ ನಾಳೆ ಕಣಪ್ಪ. ಹೋಗಿ ಟೀ ಕುಡ್ಕೊಂಡ್ ಬಾ."

ಅವನು ತಲೆ ಎತ್ತದೆಯೇ ಮಾತಾಡುತ್ತಿದ್ದ. ಮೋಟರಿನ ಹೊಟ್ಟೆ ಬಿಚ್ಚಿ, ಕರಕಲಾದ ತಂತಿಯನ್ನೆಲ್ಲ ಕಿತ್ತು ಹೊರಗೆ ಹಾಕಿ, ಹೊಸ ತಂತಿಯನ್ನು ಒಂದೊಂದೇ ಎಳೆ ಎಳೆದು ಸುತ್ತುವ ಕೆಲಸ. ಸುಟ್ಟ ವಾರ್ನಿಷಿನ ವಾಸನೆ ರಸ್ತೆ ದಾಟಿ ನನ್ನ ಅಂಗಡಿಗೂ ಬರುತ್ತಿತ್ತು. ನನ್ನ ಯೂರಿಯಾ ವಾಸನೆ ಅವನಿಗೆ, ಅವನ ವಾರ್ನಿಷ್ ವಾಸನೆ ನನಗೆ. ಹಾಗೇ ಎಷ್ಟೋ ವರ್ಷ ಕಳೆದೆವು.

ಈ ಕೆಲಸವನ್ನು ಅವನು ಕಲಿತದ್ದು ಕುಣಿಗಲ್‌ನಲ್ಲಿ, ಒಬ್ಬ ಸಾಬರ ಹತ್ತಿರ. ಅಲ್ಲೇ ನಿಲ್ಲಬೇಕೆಂದಿದ್ದವನು ಗುಬ್ಬಿಗೆ ವಾಪಸ್ಸಾದದ್ದು ಅಣ್ಣನ ಸಾವಿನಿಂದ. ಅಣ್ಣ ಪುಟ್ಟರಂಗಯ್ಯ ಗುಬ್ಬಿಯ ಹತ್ತಿರದ ಬಿದರೆಪಾಳ್ಯದಲ್ಲಿ ಇದ್ದ ತೆಂಗು, ರಾಗಿ ಹೊಲ ನೋಡಿಕೊಂಡಿದ್ದ. ಆಗೆಲ್ಲ ತೋಟದ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಹೊತ್ತು. ಊರೆಲ್ಲ ಮಲಗಿರುವಾಗ ರೈತರು ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕಿತ್ತು. ಪುಟ್ಟರಂಗಯ್ಯ ಹಾಗೇ ಹೋದವನು ನೀರಿನ ಕಾಲುವೆಯಲ್ಲಿ ಕೊಳಕುಮಂಡಲ ಹಾವಿನ ಮೇಲೆ ಕಾಲಿಟ್ಟ. ತುಮಕೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಜೀವ ಹೋಯಿತು.

ಅವನ ಹೆಂಡತಿ ಹನುಮಕ್ಕ ಗಟ್ಟಿ ಹೆಂಗಸು. ತಿಥಿ ಮುಗಿದ ವಾರವೇ ಟಾರ್ಚ್ ಹಿಡಿದು ತಾನೇ ತೋಟಕ್ಕೆ ಹೊರಟಳಂತೆ. ಬೆಟ್ಟಸ್ವಾಮಿ ಬಾಗಿಲಲ್ಲಿ ಅಡ್ಡ ನಿಂತು, "ಅತ್ಗೆ, ನಾನು ಇರೋವರ್ಗೂ ನೀವು ಕತ್ತಲಲ್ಲಿ ಮೋಟರ್ ಹಾಕಂಗಿಲ್ಲ" ಎಂದನಂತೆ. ಆ ಮಾತಿಗೆ ಕಟ್ಟುಬಿದ್ದೇ ಗುಬ್ಬಿಯಲ್ಲಿ ಅಂಗಡಿ ಹಾಕಿದ, ಗುಬ್ಬಿಯಲ್ಲೇ ಮದುವೆಯಾದ. ಹಗಲೆಲ್ಲ ಮೋಟರ್ ಸುತ್ತಿ, ರಾತ್ರಿ ಪಾಳಿ ಇರುವ ವಾರಗಳಲ್ಲಿ ಅಣ್ಣನ ತೋಟದ ಪಂಪ್‌ಹೌಸಿನಲ್ಲಿ ಮಲಗಿ, ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಅಂಗಡಿ ಬಾಗಿಲು ತೆಗೆಯುತ್ತಿದ್ದ.

ಅಂಗಡಿಯಲ್ಲಿ ಅವನ ಜೊತೆಗಿದ್ದವನು ಬಿದರೆಪಾಳ್ಯದವನೇ ಆದ ಚಿಕ್ಕಹನುಮಯ್ಯ. ಹೆಸರಲ್ಲಿ ಮಾತ್ರ ಚಿಕ್ಕ. ಆಳು ತೆಂಗಿನ ಮರದ ಬುಡದ ಹಾಗಿದ್ದ. ಕೊಳವೆಬಾವಿಯಿಂದ ಮೋಟರ್ ಎತ್ತುವುದು, ರಿಪೇರಿ ಆದಮೇಲೆ ಇಳಿಸುವುದು ಅವನ ಕೆಲಸ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಚೈನು ಹಾಕಿ, ಪೈಪು ಒಂದೊಂದಾಗಿ ಮೇಲಕ್ಕೆ ಎಳೆಯುವಾಗ ಅವನು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. "ಪೈಪ್ ಜಾರಿದ್ರೆ ಮೋಟರ್ ಪಾತಾಳಕ್ಕೆ, ನಾನು ನಿಮ್ ಅಪ್ಪನ ಬೈಗುಳಕ್ಕೆ" ಎಂದು ನೋಡಲು ಬಂದ ಹುಡುಗರನ್ನು ನಗಿಸುತ್ತಿದ್ದ. ಬೆಟ್ಟಸ್ವಾಮಿ ಎಷ್ಟು ಮೌನಿಯೋ ಇವನು ಅಷ್ಟು ಬಾಯಾಳಿ. ಮಧ್ಯಾಹ್ನ ಇಬ್ಬರೂ ಅಂಗಡಿಯ ಹಿಂದೆ ಕೂತು, ಚಿಕ್ಕಹನುಮಯ್ಯನ ಹೆಂಡತಿ ದೇವೀರಮ್ಮ ಕಟ್ಟಿಕೊಟ್ಟ ಮುದ್ದೆ ಉಪ್ಸಾರನ್ನು ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಬೆಟ್ಟಸ್ವಾಮಿಯ ಮನೆಯ ಚಪಾತಿ ಡಬ್ಬಿ ಬಹಳ ದಿನ ನನ್ನ ಪಾಲಿಗೆ ಬಂದದ್ದುಂಟು.

ಸೋಲಾರ್ ಬಂದದ್ದು ಬಿದರೆಪಾಳ್ಯದ ಸಬ್‌ಸ್ಟೇಷನ್ ಪಕ್ಕಕ್ಕೆ. ಸರ್ಕಾರದ ಹೊಸ ಯೋಜನೆಯಂತೆ, ಸಬ್‌ಸ್ಟೇಷನ್ ಪಕ್ಕದಲ್ಲೇ ಬಿಸಿಲಿಂದ ಕರೆಂಟು ಮಾಡಿ ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ಕೊಡುವುದು. ಗೋಮಾಳದ ಜಾಗ, ಅದಕ್ಕೆ ಅಂಟಿಕೊಂಡಿದ್ದ ಕೆಲವರ ಬೀಳು ಹೊಲ, ಎಲ್ಲಕ್ಕೂ ತಂತಿ ಬೇಲಿ ಬಿತ್ತು. ಒಳಗೆ ನೀಲಿ ಹಲಗೆಗಳು ಸಾಲಾಗಿ ಎದ್ದು ನಿಂತವು. ಕುರಿ ಮೇಯಿಸುವವರು ಸ್ವಲ್ಪ ದಿನ ಗಲಾಟೆ ಮಾಡಿದರು. ಬೇಲಿಯ ಸುತ್ತ ಒಂದು ಓಣಿ ಬಿಟ್ಟುಕೊಟ್ಟ ಮೇಲೆ ಸುಮ್ಮನಾದರು, ಅಥವಾ ಸುಮ್ಮನಾಗಲೇಬೇಕಾಯಿತು.

ಮೊದಲ ಬಾರಿ ಹಗಲು ಪೂರ್ತಿ ಕರೆಂಟು ಬಂದ ದಿನ ಹನುಮಕ್ಕ ಒಬ್ಬಟ್ಟು ಮಾಡಿಕೊಂಡು ಆಟೋ ಹತ್ತಿ ಅಂಗಡಿಗೇ ಬಂದಳು. ನನ್ನನ್ನೂ ಕರೆದಳು.

"ಬೆಟ್ಟಸ್ವಾಮಿ, ಇವತ್ತು ಬಿಸಿಲಲ್ಲಿ ನಿಂತ್ಕೊಂಡು ನೀರು ಕಟ್ಟಿದೆ ಕಣಪ್ಪ. ನೀರು ಎಲ್ಲಿ ಹೋಗ್ತದೆ, ಎಲ್ಲಿ ನಿಲ್ತದೆ, ಎಲ್ಲಾ ಕಾಣ್ತಿತ್ತು. ನಿಮ್ಮಣ್ಣನಿಗೆ ಇದೊಂದು ಭಾಗ್ಯ ಇರ್ನಿಲ್ಲ" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಬೆಟ್ಟಸ್ವಾಮಿ ಕೈಯಲ್ಲಿದ್ದ ತಂತಿ ಕೆಳಗಿಟ್ಟು, ಎರಡು ಒಬ್ಬಟ್ಟು ಒಟ್ಟಿಗೇ ತಿಂದ. ಚಿಕ್ಕಹನುಮಯ್ಯ, "ಅಕ್ಕಾ, ಇನ್ಮೇಲೆ ಇವ್ನು ರಾತ್ರಿ ಮನೇಲಿ ಮಲಗ್ತಾನೆ. ನಿಮ್ ವಾರಗಿತ್ತಿಗೆ ಹೇಳಿ, ಹಾಸಿಗೆ ಹಾಸೋಕೆ" ಎಂದ. ಎಲ್ಲರೂ ನಕ್ಕೆವು. ಆ ದಿನ ಆ ಅಂಗಡಿಯಲ್ಲಿ ಸೋಲಾರನ್ನು ಬೈಯುವವರು ಯಾರೂ ಇರಲಿಲ್ಲ.

ಆಮೇಲೆ ಬೇಸಿಗೆ ಬಂತು.

ಬೆಟ್ಟಸ್ವಾಮಿ ಎಂದಿನಂತೆ ಶಿವರಾತ್ರಿಗೆ ಮುಂಚೆಯೇ ತಂತಿ, ವಾರ್ನಿಷ್ ತರಿಸಿಟ್ಟುಕೊಂಡಿದ್ದ. ಮೋಟರುಗಳು ಬರಲಿಲ್ಲ. ಒಂದು ವಾರ ನೋಡಿದ, ಇನ್ನೊಂದು ವಾರ ನೋಡಿದ. "ಈ ಸಲ ಅಂತರ್ಜಲ ಚೆನ್ನಾಗದೆ ಮಾದೇವಣ್ಣ, ಅದಕ್ಕೆ" ಎಂದು ನನಗೆ ಹೇಳಿದ. ನಿಜವಾದ ಕಾರಣ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೋಟರ್ ಸುಡುವುದು ವೋಲ್ಟೇಜ್ ಇಳಿದಾಗ, ಮೂರರಲ್ಲಿ ಒಂದು ಫೇಸ್ ಹೋದಾಗ, ಕತ್ತಲಲ್ಲಿ ನೀರು ನಿಂತದ್ದು ಕಾಣದೆ ಖಾಲಿ ಓಡಿದಾಗ. ಈಗ ವೋಲ್ಟೇಜ್ ಏರುಪೇರಿಲ್ಲದೆ ಬರುತ್ತಿತ್ತು. ರೈತ ಎದುರಿಗೇ ನಿಂತು ನೋಡುತ್ತಿದ್ದ. ಮೋಟರ್ ಯಾಕೆ ಸುಡಬೇಕು?

ಅದರ ಬೆನ್ನಿಗೇ ಸಬ್ಸಿಡಿಯಲ್ಲಿ ಸೋಲಾರ್ ಪಂಪುಗಳೂ ಬಂದವು. ಅವು ಕೆಟ್ಟರೆ ಫೋನು ಮಾಡಬೇಕಾದದ್ದು ಕಂಪನಿಗೆ. ಬೇರೆಯವರು ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆಂದು ಡಬ್ಬದ ಮೇಲೇ ಬರೆದಿತ್ತು.

ಒಂದು ದಿನ ಹೊಸಕೆರೆ ಕಡೆಯ ಹಳೇ ಗಿರಾಕಿಯೊಬ್ಬ ಬೈಕಿನಲ್ಲಿ ಹೋಗುತ್ತಾ ಅಂಗಡಿ ಮುಂದೆ ನಿಧಾನ ಮಾಡಿ, "ಏನ್ ಬೆಟ್ಟಸ್ವಾಮಣ್ಣ, ಆರಾಮಾ? ಈ ವರ್ಷ ನಿನ್ ಮುಖ ನೋಡೋ ಕಷ್ಟ ತಪ್ತು ಬುಡು!" ಎಂದು ನಗುತ್ತಾ ಹೋದ. ಕೆಟ್ಟ ಮನುಷ್ಯನಲ್ಲ, ತಮಾಷೆಗೆ ಅಂದದ್ದು. ಬೆಟ್ಟಸ್ವಾಮಿಯೂ ಕೈ ಎತ್ತಿ ನಕ್ಕ. ಅವನು ಹೋದ ಮೇಲೆ ಒಳಗೆ ಹೋಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸುತ್ತಿದ್ದ.

ಅವನೊಬ್ಬನದೇ ಅಲ್ಲ. ಮೋಟರ್ ಸಾಗಿಸುತ್ತಿದ್ದ ಟೆಂಪೋದವನು ಗಾಡಿ ಮಾರಿದ. ಮೋಟರ್ ಕಾಯುವವರೇ ಗಿರಾಕಿಗಳಾಗಿದ್ದ ಟೀ ಅಂಗಡಿ ಮಧ್ಯಾಹ್ನವೇ ಮುಚ್ಚತೊಡಗಿತು. ಇದನ್ನೆಲ್ಲ ಯಾರ ಮುಂದೆ ಹೇಳಿಕೊಳ್ಳುವುದು? ಊರಿಗೆಲ್ಲ ಒಳ್ಳೆಯದಾಗಿತ್ತು. ನಾನೇ ಒಂದು ಸಲ, "ಈ ಸೋಲಾರ್ ಯಾಕಾದ್ರೂ ಬಂತೋ" ಎಂದೆ. ಬೆಟ್ಟಸ್ವಾಮಿ ಥಟ್ಟನೆ ತಿರುಗಿ, "ಹಂಗನ್ಬ್ಯಾಡ ಮಾದೇವಣ್ಣ. ನಮ್ಮತ್ಗೆ ನೆಮ್ಮದಿಯಾಗಿ ನಿದ್ದೆ ಮಾಡ್ತಾವ್ರೆ" ಎಂದ. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಕೈಕಟ್ಟಿ ಕೂತವನಲ್ಲ ಅವನು. ತುಮಕೂರಿನಲ್ಲಿ ಸೋಲಾರ್ ರಿಪೇರಿ ತರಬೇತಿ ಇದೆಯೆಂದು ಯಾರೋ ಹೇಳಿದ್ದಕ್ಕೆ ಹೆಸರು ಕೊಟ್ಟು ಬಂದ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಬರುತ್ತಿದ್ದ. ಕ್ಲಾಸಿನಲ್ಲಿ ಮಕ್ಕಳ ವಯಸ್ಸಿನವರ ನಡುವೆ ಕೂರಬೇಕಾಗಿ ನಾಚಿಕೆಯಾದರೂ, ಕಲಿತದ್ದನ್ನು ಉತ್ಸಾಹದಿಂದ ನನಗೆ ಹೇಳುತ್ತಿದ್ದ. "ನಮ್ಮ ಕರೆಂಟೇ ಬೇರೆ, ಇದೇ ಬೇರೆ ಮಾದೇವಣ್ಣ. ನಮ್ದು ಫ್ಯೂಸ್ ಕಿತ್ರೆ ಮುಗೀತು. ಇದ್ರಲ್ಲಿ ಸ್ವಿಚ್ ಆಫ್ ಮಾಡಿದ್ರೂ ಹಲಗೆ ಕಡೆ ತಂತಿ ಸಾಯಕ್ಕಿಲ್ಲ. ಬಿಸಿಲು ಇರೋವರ್ಗೂ ಅದು ಜೀವಂತ. ಮುಟ್ಟಿದ್ರೆ ಹಿಡ್ಕೊಂಬಿಡ್ತದಂತೆ." ತರಬೇತಿ ಮುಗಿಯಿತು, ಸರ್ಟಿಫಿಕೇಟೂ ಬಂತು. ಕಂಪನಿಯ ಡೀಲರುಗಳು ಮಾತ್ರ ಐಟಿಐ ಮಾಡಿದ ಹುಡುಗರೇ ಬೇಕೆಂದರು. ವಯಸ್ಸು ಕೇಳಿ ಒಬ್ಬ ನೀರು ಕುಡಿಯಲು ಕೊಟ್ಟು ಕಳಿಸಿದನಂತೆ.

ಬಿದರೆಪಾಳ್ಯದ ಸೋಲಾರ್ ಘಟಕಕ್ಕೂ ಹೋಗಿ ಕೇಳಿದ. ಅಲ್ಲಿದ್ದ ಇಂಜಿನಿಯರ್ ಸಿದ್ಧಾರ್ಥ್ ಎಂಬ ಹುಡುಗ ಒಳ್ಳೆಯವನು. ಕೂರಿಸಿ ಮಾತಾಡಿಸಿದ. "ಸರ್, ಇಲ್ಲಿ ಇರೋದೇ ಎರಡು ಥರದ ಕೆಲಸ. ಪ್ಯಾನಲ್ ತೊಳೆಯೋದು, ಅದಕ್ಕೆ ಹೆಂಗಸರನ್ನ ತಗೊಂಡಿದೀವಿ. ಇನ್ನೊಂದು ವಾಚ್‌ಮನ್, ಅದು ತುಮಕೂರಿನ ಏಜೆನ್ಸಿಯವರದು. ನನ್ನ ಕೈಲಿ ಏನೂ ಇಲ್ಲ" ಎಂದ.

ಚಿಕ್ಕಹನುಮಯ್ಯನನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅದನ್ನು ಬೆಟ್ಟಸ್ವಾಮಿ ಬಾಯಿಬಿಟ್ಟು ಹೇಳಲೂ ಇಲ್ಲ. ಒಂದು ದಿನ ಚಿಕ್ಕಹನುಮಯ್ಯನೇ, "ಅಣ್ಣ, ನಾಳೆಯಿಂದ ಕಾಯಿ ಸುಲಿಯಾಕೆ ಹೋಯ್ತೀನಿ. ಮೋಟರ್ ಬಂದ್ರೆ ಒಂದು ಫೋನ್ ಮಾಡು" ಎಂದ. ಹೋಗುವಾಗ ಚೈನನ್ನು ಎಣ್ಣೆ ಹಾಕಿ ಒರೆಸಿ, ಸುತ್ತಿ, ಮೂಲೆಯಲ್ಲಿ ಇಟ್ಟು ಹೋದ.

ತೆಂಗಿನಕಾಯಿ ಸುಲಿಯುವುದಕ್ಕೆ ಬೇರೆಯದೇ ತೋಳು ಬೇಕು. ಭಾರ ಎತ್ತಿ ಅಭ್ಯಾಸವಾದ ಅವನ ಮೊಣಕೈ ಮಳೆಗಾಲದ ಹೊತ್ತಿಗೆ ಊದಿಕೊಂಡಿತು. ಸುಲಿಯುವ ಗುಂಪಿನವರು ಕರೆಯುವುದು ಬಿಟ್ಟರು. ಆಮೇಲೆ ಅವನನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನೋಡುತ್ತಿದ್ದೆ. ಮಾತಿನ ಮಲ್ಲನಾಗಿದ್ದವನು ನಾನು ಹತ್ತಿರ ಹೋದರೆ ಎದ್ದು ಬೇರೆ ಕಡೆ ಹೋಗುತ್ತಿದ್ದ.

ದೀಪಾವಳಿ ಆದಮೇಲೆ ಒಂದು ಬೆಳಿಗ್ಗೆ ಅವನು ಬೆಟ್ಟಸ್ವಾಮಿಯ ಅಂಗಡಿಗೆ ಬಂದ. ಹೆಗಲ ಮೇಲೆ ಗೊಬ್ಬರದ ಚೀಲ. ನನ್ನ ಅಂಗಡಿಯದೇ ಚೀಲವಾದ್ದರಿಂದ ನನ್ನ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೇ ಒಳಗಿನಿಂದ ದನಿ ಏರಿತು. ಬೆಟ್ಟಸ್ವಾಮಿ ಕೂಗಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಓಡಿ ಹೋದೆ.

ಚೀಲದ ಬಾಯಿ ಬಿಚ್ಚಿತ್ತು. ಒಳಗೆ ಸಿಪ್ಪೆ ಸುಲಿದ ತಾಮ್ರದ ತಂತಿ.

"ಎಲ್ಲಿಂದ ತಂದೆ ಹೇಳ್ಲಾ" ಎನ್ನುತ್ತಿದ್ದ ಬೆಟ್ಟಸ್ವಾಮಿ.

"ಎಲ್ಲಿಂದ ಅಂತ ಕೇಳ್ತೀಯ? ನಮ್ ಅನ್ನ ಕಿತ್ಕೊಂಡೋರ ಹತ್ರದಿಂದ. ಬೇಲಿ ಪಕ್ಕದಲ್ಲೇ ಬಿದ್ದದೆ, ಮಾರುಗಟ್ಲೆ. ಹೊತ್ತು ಮೂಡೋಕೆ ಮುಂಚೆ ಹೋಗಿ ತಂದೆ. ನಿನ್ ಅಂಗಡೀಲಿ ಇರೋ ಹಳೇ ತಂತಿ ಜೊತೆ ಸೇರಿಸ್ಬಿಟ್ರೆ ಗುಜರಿಯವನಿಗೆ ಏನ್ ಗೊತ್ತಾಗ್ತದೆ?"

"ಅನ್ನ ಕಿತ್ಕೊಂಡ್ರಾ? ನಮ್ಮಣ್ಣ ಹೆಂಗೆ ಸತ್ತ ಮರೆತ್ಯಾ? ಆ ಕರೆಂಟಿಗೆ ಕೈ ಹಾಕ್ತೀಯ?"

"ನಿಮ್ಮಣ್ಣ ಸತ್ತದ್ದು ಮರೀನಿಲ್ಲ. ಹೆಣ ಹೊತ್ತೋನು ನಾನು. ನಾನು ಸಾಯ್ತಿರೋದು ನಿನಗೆ ಕಾಣಾಕಿಲ್ವಾ?"

ನಾನು ಮಧ್ಯೆ ಹೋಗಿ, "ಚಿಕ್ಕಹನುಮಯ್ಯ, ಕರೆಂಟಿನ ಜೊತೆ ಆಟ ಬೇಡಪ್ಪ" ಎಂದೆ.

"ನನಗೇ ಕರೆಂಟಿನ ಪಾಠ ಹೇಳ್ತೀಯ ಮಾದೇವಣ್ಣ? ಎಷ್ಟು ಮೋಟರ್ ಎತ್ತಿಲ್ಲ ನಾನು! ಅಲ್ಲೇ ಡಬ್ಬದಲ್ಲಿ ಸ್ವಿಚ್ ಅದೆ. ಅದನ್ನ ಕೆಳಗೆ ಮಾಡಿದ್ರೆ ತಂತಿ ಹಗ್ಗದಂಗೆ."

ಬೆಟ್ಟಸ್ವಾಮಿ ಚೀಲವನ್ನು ಎತ್ತಿ ರಸ್ತೆಗೆ ಎಸೆದ. "ಇನ್ನೊಂದ್ ಸಲ ಈ ಬಾಗ್ಲು ತುಳೀಬ್ಯಾಡ. ನೀನು ನನ್ ಪಾಲಿಗೆ ಇಲ್ಲ" ಎಂದ. ಚಿಕ್ಕಹನುಮಯ್ಯ ತಂತಿಯನ್ನೆಲ್ಲ ಆಯ್ದು ಚೀಲಕ್ಕೆ ತುಂಬಿಕೊಂಡ. ಹೋಗುವಾಗ ತಿರುಗಿ ಸಹ ನೋಡಲಿಲ್ಲ.

ತಂತಿ ಹೋದದ್ದು ಘಟಕದವರಿಗೆ ಗೊತ್ತಾಗಿ ರಾತ್ರಿ ಕಾವಲು ಬಿಗಿಯಾಯಿತು. ಲೈಟು ಹಾಕಿದರು, ನಾಯಿ ತಂದು ಕಟ್ಟಿದರು. ಕತ್ತಲಲ್ಲಿ ಹೋಗುವಂತಿಲ್ಲವೆಂದು ಚಿಕ್ಕಹನುಮಯ್ಯ ಮಧ್ಯಾಹ್ನ ಹೋದ, ವಾಚ್‌ಮನ್‌ಗಳು ಊಟಕ್ಕೆ ಕೂತ ಹೊತ್ತು ನೋಡಿ. ಡಬ್ಬದ ಸ್ವಿಚ್ಚನ್ನು ಅವನು ಕೆಳಗೆ ಮಾಡಿಯೇ ಇದ್ದನಂತೆ. ಆಮೇಲೆ ಹಲಗೆ ಕಡೆಯ ತಂತಿಗೆ ಕಟ್ಟರ್ ಹಾಕಿದ. ಮೇಲೆ ಉರಿಬಿಸಿಲು.

ಸಿದ್ಧಾರ್ಥನೇ ತನ್ನ ಜೀಪಿನಲ್ಲಿ ಹಾಕಿಕೊಂಡು ತುಮಕೂರಿನ ಆಸ್ಪತ್ರೆಗೆ ಓಡಿಸಿದ. ಸುದ್ದಿ ಕೇಳಿ ಬೆಟ್ಟಸ್ವಾಮಿ ಅಂಗಡಿ ಬಾಗಿಲು ಹಾಕದೆಯೇ ಹೊರಟ. ಬಾಗಿಲೆಳೆದು ನಾನೂ ಅವನ ಹಿಂದೆಯೇ ಹೋದೆ. ನಾವು ಹೋಗುವ ಹೊತ್ತಿಗೆ ಚಿಕ್ಕಹನುಮಯ್ಯನಿಗೆ ಪ್ರಜ್ಞೆ ಇತ್ತು. ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಬೆಟ್ಟಸ್ವಾಮಿಯನ್ನು ನೋಡಿ ಏನೋ ಹೇಳಲು ತುಟಿ ಅಲ್ಲಾಡಿಸಿದ, ನೀರು ಬೇಕೆನ್ನುವ ಹಾಗೆ ಕಂಡಿತು. ನರ್ಸು ನೀರು ಕೊಡಬೇಡಿ ಎಂದಳು. ಬೆಟ್ಟಸ್ವಾಮಿ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾ ನಿಂತ. ಸಂಜೆಯಾಗುವುದರೊಳಗೆ ಮುಗಿಯಿತು.

ವರಾಂಡದ ಬೆಂಚಿನ ಮೇಲೆ ಕೂತು ಅವನು ನನ್ನ ಕೈ ಹಿಡಿದುಕೊಂಡ.

"ಮಾದೇವಣ್ಣ, ಅವತ್ತು ಅವ್ನು ಸ್ವಿಚ್ ಕೆಳಗೆ ಮಾಡಿದ್ರೆ ಆಯ್ತು ಅಂದ್ನಲ್ಲ."

"ಹೂಂ."

"ಹಂಗಲ್ಲ ಕಣ್ಲಾ, ಬಿಸಿಲಿದ್ರೆ ಆ ತಂತಿ ಸಾಯಕ್ಕಿಲ್ಲ ಅಂತ ಒಂದ್ ಮಾತು. ಗೊತ್ತಿತ್ತಲ್ಲ ನನಗೆ. ಕಲ್ತಿದ್ದೆನಲ್ಲ. ಬೈಯೋ ಭರದಲ್ಲಿ ಅದೊಂದು ಮಾತು ಬಾಯಿಗೆ ಬರ್ನಿಲ್ಲ."

ಆ ವಿಷಯ ಅವನೇ ನನಗೂ ಹೇಳಿದ್ದ. ನನಗೂ ಆ ಹೊತ್ತಿನಲ್ಲಿ ನೆನಪಾಗಿರಲಿಲ್ಲ. ಅದನ್ನು ಅವನಿಗೆ ಹೇಳಿದೆ. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮರುದಿನ ಮಣ್ಣಿಗೆ ಜನ ಬರಲಿಲ್ಲ. ತಂತಿ ಕತ್ತರಿಸಿದ ಜಾಗದಲ್ಲಿ ಬೆಂಕಿ ಹತ್ತಿ ಒಂದಿಷ್ಟು ಯಂತ್ರ ಕೆಟ್ಟಿದ್ದರಿಂದ ಬಿದರೆಪಾಳ್ಯದ ಸುತ್ತ ಮತ್ತೆ ರಾತ್ರಿ ಕರೆಂಟು ಶುರುವಾಗಿತ್ತು. ಜನಕ್ಕೆ ಸಿಟ್ಟಿತ್ತು. "ಕಳ್ಳನ ಹೆಣಕ್ಕೆ ಯಾರು ಹೆಗಲು ಕೊಡ್ತಾರೆ" ಎಂದು ಟೀ ಅಂಗಡಿಯಲ್ಲಿ ಕೇಳಿಸುವಂತೆಯೇ ಅಂದರು. ಅವನ ಕೈಯಿಂದ ಎಷ್ಟೋ ಸಲ ಮೋಟರ್ ಎತ್ತಿಸಿಕೊಂಡಿದ್ದವರು ಅವರು. ದೇವೀರಮ್ಮನ ಕಡೆಯ ಇಬ್ಬರು, ಬೆಟ್ಟಸ್ವಾಮಿ, ನಾನು ಹೊತ್ತೆವು. ಭಾರದ ಆಳು. ದಾರಿಯಲ್ಲಿ ಎರಡು ಕಡೆ ಇಳಿಸಬೇಕಾಯಿತು.

ಮಣ್ಣು ಮಾಡಿ ಬರುವಾಗ ದೇವೀರಮ್ಮನ ಮನೆಯ ಜಗಲಿಯ ಮೇಲೆ ಹನುಮಕ್ಕ ಕೂತಿದ್ದಳು. ತಲೆಯ ಮೇಲೆ ಹೊತ್ತು ತಂದಿದ್ದ ರಾಗಿ ಹಿಟ್ಟಿನ ಪಾತ್ರೆ ಪಕ್ಕದಲ್ಲಿತ್ತು. ಆ ವಾರ ಮತ್ತೆ ರಾತ್ರಿ ಕರೆಂಟಿಗೆ ಕಾಯಬೇಕಾಗಿ ಬಂದ ತೋಟಗಳಲ್ಲಿ ಅವಳದೂ ಒಂದು. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ, "ನೀವ್ಯಾಕೆ ಬಂದ್ರಿ ಹನುಮಕ್ಕ? ಅವ್ನಿಂದಾನೇ ಅಲ್ವಾ ಮತ್ತೆ ಈ ಕತ್ಲೆ ಪಾಡು?" ಎಂದಳು.

"ನನ್ ಗಂಡ ಸತ್ತಾಗ ಇವ್ಳು ಮೂರು ದಿನ ನನ್ ಮನೆ ಒಲೆ ಹಚ್ಚಿದ್ಲು" ಎಂದಳು ಹನುಮಕ್ಕ. ಅಷ್ಟೇ. ದೇವೀರಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ತಳ್ಳಿದಳು. ಒಳಗಿನಿಂದ ಅಳು ಕೇಳಿಸಿತು. ಯಾರದು ಅಂತ ಗೊತ್ತಾಗಲಿಲ್ಲ, ಇಬ್ಬರದೂ ಇರಬಹುದು.

ಪೊಲೀಸರು ಅಂಗಡಿಗೆ ಬಂದರು. ಸತ್ತವನು ಇಲ್ಲಿ ಕೆಲಸಕ್ಕಿದ್ದ, ಅಂಗಡಿಯ ತುಂಬ ತಾಮ್ರ ಇದೆ; ಅವರು ಕೇಳುವುದು ಸಹಜ. ಹಳೆಯ ಮೋಟರಿನಿಂದ ಕಿತ್ತ ತಂತಿಯನ್ನೂ ಹೊಸ ಸುರುಳಿಗಳನ್ನೂ ಒಟ್ಟಿಗೆ ಜೀಪಿಗೆ ತುಂಬಿಕೊಂಡು ಹೋದರು. ಬೆಟ್ಟಸ್ವಾಮಿಯನ್ನು ಎರಡು ದಿನ ಕೂರಿಸಿಕೊಂಡರು. ನಾನೂ ಹೋಗಿ ನೋಡಿದ್ದನ್ನು ಹೇಳಿದೆ. "ಕದ್ದದ್ದು ಗೊತ್ತಿದ್ರೂ ಯಾಕಯ್ಯ ತಿಳಿಸಲಿಲ್ಲ?" ಎಂದು ಕೇಳಿದರು. ಕೊನೆಗೆ ಬಿಟ್ಟರು. ತಾಮ್ರ ವಾಪಸ್ಸು ಬಂತು, ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಗುಬ್ಬಿಯಲ್ಲಿ ಅವನ ಹೆಸರಿನ ಜೊತೆ ಒಂದು ಪಿಸುಮಾತು ಸೇರಿಕೊಂಡಿತ್ತು. ಅಪರೂಪಕ್ಕೆ ಬರುತ್ತಿದ್ದ ಮಿಕ್ಸಿ, ಫ್ಯಾನುಗಳ ರಿಪೇರಿಯೂ ನಿಂತಿತು.

ಅಂಗಡಿ ಖಾಲಿ ಮಾಡುವ ದಿನ ನಾನು ಸಹಾಯಕ್ಕೆ ಹೋದೆ. ತಂತಿ ಸುತ್ತುವ ಕೈಯಂತ್ರವನ್ನು ಶಿರಾ ಕಡೆಯವನೊಬ್ಬ ತೆಗೆದುಕೊಂಡ. ಚಿಕ್ಕಹನುಮಯ್ಯ ಒರೆಸಿಟ್ಟಿದ್ದ ಚೈನನ್ನೂ ಅವನು ಎತ್ತಿದಾಗ ಬೆಟ್ಟಸ್ವಾಮಿ, "ಅದು ಬ್ಯಾಡ" ಎಂದ. ಆಮೇಲೆ ಏನು ತೋಚಿತೋ, "ತಗೊಂಡೋಗಿ, ತಗೊಂಡೋಗಿ, ಇಲ್ಲಿದ್ರೆ ತುಕ್ಕು ಹಿಡೀತದೆ" ಎಂದು ತಾನೇ ಗಾಡಿಗೆ ಹಾಕಿದ. ಅವತ್ತು ಗೋಡೆಯ ಮೇಲೆಲ್ಲ ಮಸಿ ಇತ್ತು, ಎಷ್ಟು ತೊಳೆದರೂ ಹೋಗಲಿಲ್ಲ. ಈಗ ಅಲ್ಲಿ ಮೊಬೈಲ್ ಕವರ್ ಮಾರುವವರು ಅದರ ಮೇಲೆ ಬಣ್ಣದ ಶೀಟು ಅಂಟಿಸಿದ್ದಾರೆ.

ಗುಬ್ಬಿ ಬಿಡುವ ಮುಂಚೆ ಅವನು ಮಾಡಿದ ಒಂದು ಕೆಲಸ ಹೇಳಬೇಕು. ಮತ್ತೆ ಸಿದ್ಧಾರ್ಥನ ಹತ್ತಿರ ಹೋದ. ಈ ಸಲ ತನಗಾಗಿ ಅಲ್ಲ. "ದೇವೀರಮ್ಮನಿಗೆ ಪ್ಯಾನಲ್ ತೊಳೆಯೋ ಕೆಲಸ ಕೊಡಿ ಸಾರ್" ಎಂದು ಕೇಳಿದ. ಸಿದ್ಧಾರ್ಥ ಗಾಬರಿಯಾದನಂತೆ. ಕಳ್ಳತನಕ್ಕೆ ಬಂದವನ ಹೆಂಡತಿಯನ್ನು ಒಳಗೆ ಬಿಟ್ಟುಕೊಂಡರೆ ಮೇಲಿನವರಿಗೆ ಏನು ಹೇಳುವುದು? ಬೆಟ್ಟಸ್ವಾಮಿ ಅವನ ಆಫೀಸಿನ ಮುಂದೆ ದಿನಾ ಹೋಗಿ ನಿಲ್ಲತೊಡಗಿದ. ಮಾತಿಲ್ಲ, ಜಗಳವಿಲ್ಲ, ನಿಲ್ಲುವುದಷ್ಟೇ. ಕೊನೆಗೊಂದು ದಿನ ಆ ಹುಡುಗ ಹೊರಗೆ ಬಂದು, "ಕಳಿಸಿ ಸರ್. ಕೇಳಿದ್ರೆ ನಾನೇ ಹೇಳ್ಕೊತೀನಿ. ಆ ಸುಟ್ಟ ಕೈ ನನ್ನ ಕಣ್ಣಿಂದ ಹೋಗ್ತಿಲ್ಲ" ಎಂದ.

ದೇವೀರಮ್ಮ ಮೊದಲು ಒಪ್ಪಲಿಲ್ಲ. "ಆ ಬೇಲಿ ಒಳಗೆ ನಾನು ಕಾಲಿಡಾಕಿಲ್ಲ" ಎಂದು ಅತ್ತಳು. ಹನುಮಕ್ಕನೇ ಕೂತು ಒಪ್ಪಿಸಿದಳು. ಈಗ ಅವಳು ಬೆಳಿಗ್ಗೆ ಬಿಸಿಲೇರುವ ಮೊದಲು ಉದ್ದನೆಯ ಕೋಲಿನ ಬ್ರಷ್ ಹಿಡಿದು ಆ ಹಲಗೆಗಳ ಧೂಳು ತೊಳೆಯುತ್ತಾಳೆ. ಜೊತೆಯ ಹೆಂಗಸರು ಮೊದಮೊದಲು ಅವಳ ಪಕ್ಕ ಕೂತು ಊಟ ಮಾಡುತ್ತಿರಲಿಲ್ಲ. ಈಗ ಕೂರುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳಲು ನನಗೆ ಧೈರ್ಯವಾಗಿಲ್ಲ.

ಬೆಟ್ಟಸ್ವಾಮಿ ಈಗ ತುಮಕೂರಿನಲ್ಲಿದ್ದಾನೆ. ಬಟವಾಡಿ ಬಡಾವಣೆಯಲ್ಲಿ ಬಾಡಿಗೆ ಮನೆ. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫ್ಯಾನುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ. ಹೋದ ತಿಂಗಳು ಬೀಜದ ಕಂಪನಿಯ ಮೀಟಿಂಗಿಗೆಂದು ಹೋಗಿದ್ದಾಗ ಹೈವೇ ಪಕ್ಕದ ಸ್ಟಾಪಿನಲ್ಲಿ ಸಿಕ್ಕ. ನೀಲಿ ಯೂನಿಫಾರ್ಮ್, ಕೊರಳಲ್ಲಿ ಫೋಟೋ ಇರುವ ಕಾರ್ಡು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಫ್ಯಾನ್ ಒಳಗಿನ ವೈಂಡಿಂಗ್ ನೋಡಿದ್ಯಾ?" ಎಂದು ಕೇಳಿದೆ, ಏನಾದರೂ ಮಾತಾಡಿಸಬೇಕಲ್ಲ ಎಂದು.

"ಅದು ಬೇರೆ ಸೆಕ್ಷನ್ನು. ಮೆಷಿನ್ನೇ ಸುತ್ತತದೆ. ನಮ್ಮನ್ನ ಬಿಡಾಕಿಲ್ಲ."

"ನಿಮ್ಮತ್ತಿಗೆ ಹೇಗಿದ್ದಾರೆ?"

"ಚೆನ್ನಾಗವ್ರೆ. ಹೊಸದಾಗಿ ಬಾಳೆ ಹಾಕವ್ರಂತೆ. ಹಗಲು ನೀರು ಇರೋದ್ರಿಂದ ಚೆನ್ನಾಗಿ ಬಂದದೆ ಅಂತ ಫೋನ್ ಮಾಡಿದ್ರು."

"ಒಂದ್ಸಲ ಬಂದು ಹೋಗೋ."

ಅವನು ರಸ್ತೆಯ ಕಡೆ ನೋಡಿದ. "ಬರ್ಬೇಕು. ಆ ರೋಡಲ್ಲಿ ಬಸ್ಸು ಹೋಗೋವಾಗ ಎಡಗಡೆ ಪೂರ್ತಿ ಆ ಹಲಗೆಗಳೇ ಕಾಣ್ತವೆ ಮಾದೇವಣ್ಣ. ಒಂದು ಸಲ ಅರ್ಧ ದಾರಿವರ್ಗೂ ಬಂದು ಇಳ್ಕೊಂಬಿಟ್ಟೆ."

ಹಿರೇಹಳ್ಳಿ ಕಡೆಯ ಬಸ್ಸು ಬಂತು. ಜನ ನುಗ್ಗಿದರು. ಅವನು ಕಾರ್ಡನ್ನು ಶರ್ಟಿನ ಒಳಗೆ ಹಾಕಿಕೊಂಡು ಹಿಂದಿನ ಬಾಗಿಲಲ್ಲಿ ಹತ್ತಿದ. ಕಿಟಕಿಯಿಂದ ನೋಡುತ್ತಾನೇನೋ ಎಂದು ನಿಂತಿದ್ದೆ. ಒಳಗೆ ಬಹಳ ಜನ ಇದ್ದರು, ಅವನು ಯಾವ ಕಡೆ ನಿಂತನೋ ಕಾಣಿಸಲಿಲ್ಲ.